ನಮ್ಮ ಮನೆಯ ಇಟಲಿ ಭಾಷೆ

ನಮ್ಮ ಹಾಲಿನ ಗೋಡೆ ಗಡಿಯಾರದ ಹಿಂದೆ ಒಂದು ಹಲ್ಲಿ ಬಹಳ ದಿನದಿಂದ ಬಿಡಾರ ಹೂಡಿದೆ. ಅದನ್ನು ಎಬ್ಬಿಸಿ ಓಡಿಸಲು ನನ್ನ ಹೆಂಡತಿ ಪದ್ಮ ಒಂದು ಬಿಳಿಯ ಕೋಲನ್ನು ಬಳಸುತ್ತಾಳೆ. ಕಿರುಬೆರಳಿಗಿಂತ ಸಪೂರ, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ, ಹಿಡಿಯುವ ತುದಿಯಲ್ಲಿ ಬಿರಟೆಯಂಥ ಒಂದು ಉಂಡೆ. ಮನೆಗೆ ಬಂದವರು ಅದನ್ನು ಗಾಳಿಪಟದ ಕಡ್ಡಿ ಎಂದೋ ಕಸೂತಿಯ ಸಾಮಾನು ಎಂದೋ ತಿಳಿಯುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅದು ಬ್ಯಾಂಡ್ ಮಾಸ್ಟರರ ಕೋಲು. ಒಂದು ಕಾಲದಲ್ಲಿ ಅದು ಮೇಲೇರಿದರೆ ಇಡೀ ಬ್ಯಾಂಡು ಉಸಿರು ಎಳೆದುಕೊಳ್ಳುತ್ತಿತ್ತು, ಕೆಳಗಿಳಿದರೆ ಊದುತ್ತಿತ್ತು. ಈಗ ಅದು ಮೇಲೇರಿದರೆ ಹಲ್ಲಿ ಲೊಚಗುಟ್ಟುತ್ತದೆ. ನಿವೃತ್ತರಾದ ಮೇಲೆ ಎಲ್ಲರ ಗತಿಯೂ ಹೆಚ್ಚುಕಡಿಮೆ ಹೀಗೆಯೇ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಾನು ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಕಳ್ಳರನ್ನು ಹಿಡಿದವನಲ್ಲ. ಈ ಎರಡನೆಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅತ್ತಿಗುಪ್ಪೆಯ ನಮ್ಮ ರಸ್ತೆಯಲ್ಲಿ ಸ್ಕೂಟರು ಕಳೆದುಕೊಂಡವರು, ನಾಯಿ ಕಳೆದುಕೊಂಡವರು, ಬಾಡಿಗೆದಾರರ ಮೇಲೆ ಸಿಟ್ಟಾದವರು ಎಲ್ಲರೂ "ಸಾರ್, ನೀವು ಪೊಲೀಸಲ್ವಾ" ಎಂದು ಗೇಟು ತೆಗೆದುಕೊಂಡು ಬಂದುಬಿಡುತ್ತಾರೆ. ಅವರಿಗೆಲ್ಲ ನಾನು ಮಾಡಬಹುದಾದ ಸಹಾಯವೆಂದರೆ ಒಂದು ಮಾರ್ಚ್ ಊದುವುದು.

ಆದರೆ ಪೊಲೀಸರ ದಿನಚರಿ ಮಾತ್ರ ಮೈಗೆ ಅಂಟಿಕೊಂಡಿದೆ. ಬೆಳಗಿನ ಜಾವ ಏಳುತ್ತೇನೆ. ಹೊದಿಕೆ ಮಡಿಸಿದರೆ ಅಂಚಿಗೆ ಅಂಚು ಕೂಡಬೇಕು. ಹೋಗುವುದು ಬರೀ ಪಾರ್ಕಿಗೇ ಆದರೂ ಬೂಟಿಗೆ ಪಾಲಿಷ್ ಆಗಿರಬೇಕು. ಬಾಗಿಲ ಬಳಿ ಚಪ್ಪಲಿಗಳು ಮೂತಿಯನ್ನು ಹೊರಕ್ಕೆ ಮಾಡಿ ಸಾಲಾಗಿ ನಿಂತಿರಬೇಕು. ನಮ್ಮ ಮಗಳು ಚೇತನಾ ಇದಕ್ಕೆ ಚಪ್ಪಲಿ ಪರೇಡು ಎಂದು ಹೆಸರಿಟ್ಟಿದ್ದಾಳೆ. ಇಟ್ಟುಕೊಳ್ಳಲಿ. ಕರೆಂಟು ಹೋದಾಗ ಕತ್ತಲಲ್ಲೂ ತನ್ನ ಚಪ್ಪಲಿ ಸಿಗುವುದು ಯಾರ ಕೃಪೆಯಿಂದ ಎಂದು ಅವಳಿಗೂ ಗೊತ್ತಿದೆ.

ಈ ಶಿಸ್ತನ್ನು ನನ್ನೊಳಗೆ ತುಂಬಿದವರು ನಮ್ಮ ಬ್ಯಾಂಡ್ ಮಾಸ್ಟರು ಡಿಮೆಲ್ಲೊ ಸಾಹೇಬರು. ಆ ಕೋಲು ಅವರದು. ನಿವೃತ್ತರಾದ ದಿನ ನನ್ನ ಕೈಗೆ ಕೊಟ್ಟು ಹೋದರು. ಅವರ ಕೈಕೆಳಗೆ ಇದ್ದವರೆಲ್ಲ ಕುಣಿಗಲ್, ಮಾಗಡಿ, ನೆಲಮಂಗಲದ ಕಡೆಯ ಹುಡುಗರು. ನಮಗೆ ಇಂಗ್ಲಿಷೇ ಅರ್ಧಂಬರ್ಧ. ಅಂಥವರ ಮುಂದೆ ಸಾಹೇಬರು ಸ್ವರದ ಹಾಳೆ ಹರಡಿದರೆ ಅದರ ತುಂಬ ಇಟಲಿಯ ಮಾತು. ಬ್ಯಾಂಡಿನ ಸಂಗೀತವನ್ನು ಯಾವ ದೇಶದವನೇ ಬರೆದಿರಲಿ, ಮೆಲ್ಲಗೆ, ಜೋರಾಗಿ, ಬೇಗ, ನಿಧಾನ ಎಂಬ ಸೂಚನೆಗಳನ್ನು ಇಟಲಿಯಲ್ಲಿ ಬರೆಯುವುದು ಹಳೆಯ ರೂಢಿ.

"ಯಾಕೆ ಸಾರ್, ಇಂಗ್ಲಿಷ್‌ನಲ್ಲೇ ಬರೆದ್ರೆ ಆಗಲ್ವಾ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಬರೆದ್ರೆ ನಿಂಗೇನು ಅರ್ಥ ಆಗ್ಬಿಡ್ತಿತ್ತೇನಯ್ಯಾ?" ಎಂದರು ಸಾಹೇಬರು. ಅಲ್ಲಿಗೆ ಚರ್ಚೆ ಮುಗಿಯಿತು.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. "ಪಿಯಾನೊ ಅಂದ್ರೆ ಪೆಟ್ಟಿಗೆ ಅಲ್ಲ ಕಣ್ರಯ್ಯಾ, ಮೆಲ್ಲಗೆ ಅಂತ. ಪಕ್ಕದ ಮನೇಲಿ ಮಗು ಮಲಗಿದೆ ಅಂದ್ಕೊಂಡು ಊದಿ." ಹಾಗಾದರೆ ಫೋರ್ಟೆ? "ಫೋರ್ಟೆ ಅಂದ್ರೆ ಜೋರು. ಆ ಮಗು ನಮ್ದಲ್ಲ ಅಂದ್ಕೊಂಡು ಊದಿ." ಪಿಯಾನೊ ಎಂಬ ವಾದ್ಯದ ಪೂರ್ತಿ ಹೆಸರು ಮೊದಲು ಮೆಲ್ಲಗೆ-ಜೋರು ಎಂದೇ ಇತ್ತಂತೆ. ಒಂದೇ ವಾದ್ಯದಲ್ಲಿ ಎರಡೂ ನುಡಿಸಬಹುದು ಎಂಬ ಹೆಮ್ಮೆಗೆ ಇಟ್ಟ ಹೆಸರು. ಜನ ಸೋಮಾರಿತನದಿಂದ ಹೆಸರಿನ ಬಾಲ ಕತ್ತರಿಸಿ ಮೆಲ್ಲಗೆ ಎಂಬುದನ್ನಷ್ಟೇ ಉಳಿಸಿಕೊಂಡರು. ನಮ್ಮ ಹಿಂದಿನ ಬೀದಿಯಲ್ಲಿ ಶಾಂತಮ್ಮ ಎಂಬವರಿದ್ದಾರೆ. ಅವರು ತರಕಾರಿ ಗಾಡಿಯವನ ಜೊತೆ ಮಾತಾಡಿದರೆ ಮೆಟ್ರೋ ಸ್ಟೇಷನ್ನಿನವರೆಗೂ ಕೇಳಿಸುತ್ತದೆ. ಹೆಸರಿನಲ್ಲಷ್ಟೇ ಮೆಲ್ಲಗಿರುವುದು ವಾದ್ಯಗಳಿಗೆ ಮಾತ್ರ ಮೀಸಲಲ್ಲ.

ಫೆರ್ಮಾಟಾ ಎಂಬುದಕ್ಕೆ ಒಂದು ಕಮಾನು, ಅದರ ಕೆಳಗೊಂದು ಚುಕ್ಕೆ. ನಾವು ಅದನ್ನು ಹುಬ್ಬು-ಕಣ್ಣು ಎನ್ನುತ್ತಿದ್ದೆವು. ಸ್ವರವನ್ನು ಅಲ್ಲಿಯೇ ಹಿಡಿದು ನಿಲ್ಲಿಸು ಎಂದು ಅರ್ಥ. ಎಷ್ಟು ಹೊತ್ತು? "ನಾನು ಕಣ್ಣು ಬಿಟ್ಕೊಂಡು ನೋಡ್ತಿರೋ ತನಕ" ಎನ್ನುತ್ತಿದ್ದರು ಸಾಹೇಬರು. ಇಟಲಿಯಲ್ಲಿ ಬಸ್ ಸ್ಟಾಪಿಗೂ ಇದೇ ಹೆಸರೆಂದು ಚೇತನಾ ಈಚೆಗೆ ಫೋನಿನಲ್ಲಿ ನೋಡಿ ಹೇಳಿದಳು. ವಿಜಯನಗರದ ಬಸ್ ಸ್ಟಾಪಿನಲ್ಲಿ ನಿಂತ ಯಾರಿಗಾದರೂ ಈ ಹೋಲಿಕೆ ಥಟ್ಟನೆ ಒಪ್ಪಿಗೆಯಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಮಾತು ಡಾ ಕಾಪೊ. ತಲೆಯಿಂದ, ಎಂದರೆ ಮೊದಲಿಂದ. ಹಾಳೆಯ ಕೊನೆಯಲ್ಲಿ ಅದು ಬರೆದಿದ್ದರೆ ಮತ್ತೆ ಶುರುವಿಗೆ ಹೋಗಿ ನುಡಿಸಬೇಕು. ಆದರೆ ಸಾಹೇಬರು ಅದನ್ನು ತಪ್ಪಿಗೆ ಮದ್ದಾಗಿಯೂ ಬಳಸುತ್ತಿದ್ದರು. ಯಾರಾದರೂ ಅಪಸ್ವರ ಊದಿದರೆ ಅವರು ಬೈಯುತ್ತಿರಲಿಲ್ಲ. ಕೋಲಿನಿಂದ ಸ್ಟ್ಯಾಂಡಿಗೆ ಟಕ್ ಟಕ್ ಎಂದು ತಟ್ಟಿ "ಡಾ ಕಾಪೊ" ಎನ್ನುತ್ತಿದ್ದರು. ತಪ್ಪಾದ ಜಾಗದಿಂದ ಮುಂದುವರಿಸುವ ಹಾಗಿಲ್ಲ. ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ನುಡಿಸುವಾಗಲಂತೂ ಗೇಟಿನಾಚೆಗೆ ವಾಪಸು ಹೋಗಿ, ಮತ್ತೆ ಸಾಲು ಕಟ್ಟಿ, ಒಳಗೆ ಬರುವುದರಿಂದಲೇ ಶುರು ಮಾಡಬೇಕು. "ಹರಿದಿದ್ದಕ್ಕೆ ತೇಪೆ ಹಾಕ್ಬೇಡಿ. ಹೊಸದಾಗೇ ಹೊಲೀರಿ" ಎಂಬುದು ಅವರ ವೇದಾಂತ. ಬಿಸಿಲಲ್ಲಿ ಉಣ್ಣೆಯ ಸಮವಸ್ತ್ರ ತೊಟ್ಟು ಆ ವೇದಾಂತ ಕೇಳುವುದು ಸುಲಭವಿರಲಿಲ್ಲ.

ಇಷ್ಟೆಲ್ಲ ಬೆವರು ಸುರಿಸಿ ಕಲಿತ ಮಾತುಗಳು ಇವತ್ತು ಇಂಗ್ಲಿಷಿನ ಬೆನ್ನೇರಿ ಎಲ್ಲರ ಬಾಯಲ್ಲೂ ಓಡಾಡುವುದನ್ನು ಕಂಡಾಗ ನನ್ನ ಕೈ ಆ ಕೋಲಿಗಾಗಿ ತಡಕಾಡುತ್ತದೆ. ಪಾರ್ಕಿನಲ್ಲಿ ನನ್ನ ಜೊತೆ ನಡೆಯುವ ಶ್ರೀಕಂಠಯ್ಯನವರನ್ನೇ ತೆಗೆದುಕೊಳ್ಳಿ. ವಿಮಾ ಕಚೇರಿಯಲ್ಲಿ ಇದ್ದವರು, ಇಂಗ್ಲಿಷ್ ಪೇಪರನ್ನು ಸಂಪಾದಕೀಯದಿಂದ ಶುರು ಮಾಡುವವರು. ಒಂದು ಬೆಳಿಗ್ಗೆ ಹೇಳಿದರು:

"ನಿನ್ನೆ ಛತ್ರದ ಗಲಾಟೆ ಕ್ರೆಶೆಂಡೊ ರೀಚ್ ಆಗ್ಬಿಡ್ತು ಕಣ್ರೀ. ನಿದ್ದೇನೇ ಇಲ್ಲ."

"ಕ್ರೆಶೆಂಡೊನ ರೀಚ್ ಆಗಕ್ಕಾಗಲ್ಲ ಸ್ವಾಮಿ."

"ಯಾಕಾಗಲ್ಲ? ಆಯ್ತಲ್ಲ!"

ನಾನು ನಿಂತು ವಿವರಿಸಿದೆ. ಕ್ರೆಶೆಂಡೊಗೆ ಒಂದು ಕಡೆ ಬಾಯಿ ತೆರೆದ ಗುರುತು ಇರುತ್ತದೆ. ಬ್ಯಾಂಡಿನ ಹುಡುಗರು ಅದನ್ನು ಹುಂಜದ ಕೊಕ್ಕು ಎನ್ನುತ್ತಿದ್ದೆವು. ಅದರ ಅರ್ಥ ಏರುತ್ತಾ ಹೋಗುವುದು ಎಂದು, ಏರಿ ಕುಳಿತ ತುದಿಯಲ್ಲ. ಸಾಹೇಬರು ಹೇಳುತ್ತಿದ್ದರು, ಮಾಗಡಿ ರಸ್ತೆಯಲ್ಲಿ ದೂರದಿಂದ ಬಸ್ಸು ಬರುತ್ತಿರುವ ಸದ್ದು ಕ್ರೆಶೆಂಡೊ, ಬಂದು ನಿಂತ ಬಸ್ಸು ಬರೀ ಬಸ್ಸು.

"ಡಿಕ್ಷನರೀಲಿ ಎರಡೂ ಅರ್ಥ ಕೊಟ್ಟಿದಾನ್ರೀ" ಎಂದರು ಶ್ರೀಕಂಠಯ್ಯ.

"ಡಿಕ್ಷನರಿ ಬರೆದೋನು ಊದಿದಾನಾ?"

ಅವರು ನಡಿಗೆ ಬಿರುಸು ಮಾಡಿದರು. ಎರಡು ಸುತ್ತು ನಡೆದ ಮೇಲೆ, "ಏನೇ ಹೇಳಿ, ವಾದ ನಿಮ್ಮ ಫೋರ್ಟೆ" ಎಂದರು. ಫೋರ್ಟೆ ಎಂದರೆ ಜೋರು ಎಂದು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮುಂದೆ ಹೋಗಿಬಿಟ್ಟರು. ಮನೆಗೆ ಬಂದು ಚೇತನಾಳನ್ನು ಕೇಳಿದರೆ, ಆ ಅರ್ಥದ ಫೋರ್ಟೆ ಫ್ರೆಂಚರ ಕತ್ತಿವರಸೆಯಿಂದ ಬಂದದ್ದು, ಉಚ್ಚಾರಣೆಯನ್ನಷ್ಟೇ ಇಟಲಿಯಿಂದ ಕಡ ತಂದುಕೊಂಡದ್ದು ಎಂದಳು. ಶ್ರೀಕಂಠಯ್ಯನವರಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. ಎಲ್ಲ ಮದ್ದನ್ನೂ ಒಂದೇ ದಿನ ಹಾರಿಸಬಾರದು.

ಅವರೊಬ್ಬರನ್ನೇ ಯಾಕೆ ಅನ್ನಲಿ? ಟೆಂಪೊ ಎಂದರೆ ನಡಿಗೆಯ ವೇಗ. ನಮ್ಮ ರಸ್ತೆಯಲ್ಲಿ ಟೆಂಪೊ ಎಂದರೆ ಯಾರೋ ಮನೆ ಖಾಲಿ ಮಾಡುತ್ತಿದ್ದಾರೆ ಎಂದರ್ಥ, ಮತ್ತು ಅದಕ್ಕೆ ವೇಗವೇ ಇರುವುದಿಲ್ಲ. ಫಿನಾಲೆ ಎಂದರೆ ಕೊನೆ. ಟೀವಿಯಲ್ಲಿ ಅದು ಶುರುವಾದರೆ ವಾರಗಟ್ಟಲೆ ಮುಗಿಯುವುದಿಲ್ಲ. ಸೋಲೊ ಎಂದರೆ ಒಬ್ಬನೇ. ಹುಡುಗರು ಸೋಲೊ ಟ್ರಿಪ್ಪು ಎಂದು ಹೊರಟು ಹೆಜ್ಜೆಹೆಜ್ಜೆಗೂ ಫೋಟೊ ಕಳಿಸಿ ಊರನ್ನೆಲ್ಲ ಜೊತೆಗೆ ಕರೆದೊಯ್ಯುತ್ತಾರೆ. ದೀವಾ ಎಂದರೆ ದೇವತೆ. ನಮ್ಮ ಮೂಲೆಯ ಬ್ಯೂಟಿ ಪಾರ್ಲರಿನ ಬೋರ್ಡಿನ ಮೇಲೆ ಆಕೆ ನೆಲೆಸಿದ್ದಾಳೆ, ದರ್ಶನಕ್ಕೆ ಮೊದಲೇ ಹೆಸರು ಬರೆಸಬೇಕು. ಇನ್ನು ಮಾಯೆಸ್ಟ್ರೊ. ಆ ಪದಕ್ಕೂ ನಮ್ಮ ಮೇಷ್ಟ್ರಿಗೂ ಬಹಳ ಹಿಂದೆ ಮೂಲ ಒಂದೇ ಅಂತೆ. ಆದರೆ ಮಾಯೆಸ್ಟ್ರೊ ಎಂದು ಕರೆದರೆ ಎದೆಯುಬ್ಬಿಸುವ ಜನ ಮೇಷ್ಟ್ರೇ ಎಂದರೆ ಹಿಂದೆ ತಿರುಗಿ ನೋಡುತ್ತಾರೆ, ಬೇರೆ ಯಾರನ್ನೋ ಕರೆದಂತೆ.

ಇಷ್ಟು ಕುಟುಕಿದ ಮೇಲೆ ನಮ್ಮ ಮನೆಯ ಕಥೆಯನ್ನೂ ಹೇಳಬೇಕು. ಮದುವೆಯಾದ ಹೊಸದರಲ್ಲಿ ನಾನು ಮನೆಯಲ್ಲೂ ಬ್ಯಾಂಡಿನ ಭಾಷೆಯನ್ನೇ ಆಡುತ್ತಿದ್ದೆ. ಪದ್ಮ ಮೊದಲು ನಕ್ಕಳು, ಆಮೇಲೆ ಕಲಿತಳು, ಕೊನೆಗೆ ನನ್ನ ಮೇಲೆಯೇ ಪ್ರಯೋಗಿಸಿದಳು. ನಾನು ನೆಂಟರ ಮುಂದೆ ದನಿ ಏರಿಸಿದರೆ "ರೀ, ಪಿಯಾನೊ" ಎನ್ನುತ್ತಾಳೆ. ಮದುವೆ ಮನೆಯಲ್ಲಿ ಹೊರಡುವ ಹೊತ್ತಾದರೆ ಪಕ್ಕದಲ್ಲಿ ಹಾದುಹೋಗುತ್ತಾ "ಪ್ರೆಸ್ಟೊ", ಬೇಗ. ಸೀರೆ ಅಂಗಡಿಯಲ್ಲಿ ಬೆಲೆ ಹೆಚ್ಚೆನಿಸಿದರೆ "ಫೋರ್ಟೆ". ಪಕ್ಕಕ್ಕೆ ಬಂದು ಕೂತ ಯಾರಾದರೂ ಬಿಡದೆ ಕೊರೆಯುತ್ತಿದ್ದರೆ "ಸೋಲೊ". ನಾನು ಡಿಮೆಲ್ಲೊ ಸಾಹೇಬರ ಕಥೆಯನ್ನು ಯಾರಿಗಾದರೂ ಮತ್ತೆ ಶುರು ಮಾಡಿದರೆ, "ಏನ್ರೀ, ಡಾ ಕಾಪೊನಾ?" ಎಂದು ನಿಟ್ಟುಸಿರು. ಅತ್ತೆಯ ಮುಂದೆ, ನಾದಿನಿಯರ ಮುಂದೆ, ಬಾಡಿಗೆದಾರರ ಮುಂದೆ ಈ ಭಾಷೆ ನಮ್ಮನ್ನು ಕಾಪಾಡಿದೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಇದು ಅರ್ಥವಾಗುವವರು ನಾವಿಬ್ಬರು, ಹೆಚ್ಚೆಂದರೆ ಚೇತನಾ ಎಂಬ ಭರವಸೆ ನಮಗೆ ಎಷ್ಟು ಗಟ್ಟಿಯಾಗಿತ್ತೆಂದರೆ, ನಾವು ಪಿಸುಗುಟ್ಟುವುದನ್ನೂ ಬಿಟ್ಟಿದ್ದೆವು.

ಅದೇ ಭರವಸೆಯಿಂದ ನಾವು ಆ ಭಾನುವಾರ ಚೇತನಾಳನ್ನು ನೋಡಲು ಬಂದವರ ಮುಂದೆ ಕೂತೆವು.

ನೋಡಲು ಬರುವುದು ಎಂದೆನಷ್ಟೆ, ನೋಡುವುದೇನೂ ಬಾಕಿಯಿರಲಿಲ್ಲ. ಚೇತನಾ ಫಿಸಿಯೋಥೆರಪಿಸ್ಟು. ಕೆಂಗೇರಿ ಕಡೆಯ ಉಲ್ಲಾಳದ ಪ್ರಶಾಂತ ಎಂಬ ಕಾಲೇಜು ಉಪನ್ಯಾಸಕ ಹೆಗಲು ನೋವೆಂದು ಅವಳ ಕ್ಲಿನಿಕ್ಕಿಗೆ ಬಂದಿದ್ದಾನೆ. ಹೆಗಲು ವಾಸಿಯಾದ ಮೇಲೂ ಬರುತ್ತಲೇ ಇದ್ದಾನೆ. ಮೂವತ್ತು ದಾಟಿದ ಮೇಲೆ ನಮ್ಮ ಮಗಳು, ನಾವು ತೋರಿಸಿದ ಹುಡುಗರನ್ನೆಲ್ಲ ಬೇಡವೆಂದವಳು, ತಾನಾಗಿಯೇ ಒಬ್ಬನ ಹೆಸರು ಹೇಳಿದ್ದಳು. "ಅವರಮ್ಮ ಒಪ್ಪದೆ ಅವನು ಮುಂದುವರಿಯಲ್ಲ ಅಪ್ಪ, ನಾನೂ ಹೋಗಲ್ಲ. ಅವರಪ್ಪ ಹೋದ್ಮೇಲೆ ಅವನನ್ನ ಬೆಳೆಸಿದ್ದು ಅವರೊಬ್ರೇ. ಸ್ಕೂಲ್ ಟೀಚರ್ ಆಗಿದ್ರು. ಪ್ಲೀಸ್, ಅವತ್ತೊಂದಿನ ಚಪ್ಪಲಿ ಪರೇಡು, ಟೈಮ್ ಲೆಕ್ಚರು ಏನೂ ಬೇಡ" ಎಂದು ಎಚ್ಚರಿಸಿದ್ದಳು. ಇಟಲಿಯ ವಿಷಯ ಅವಳಿಗೆ ನೆನಪಾಗಿರಲಿಲ್ಲ. ಅವಳಿಗೆ ಅದು ಹುಟ್ಟಿದಾಗಿನಿಂದ ಕೇಳಿದ ಮನೆಮಾತು.

ಹತ್ತೂವರೆಗೆ ಬರುತ್ತೇವೆ ಎಂದವರು ಬರುವಾಗ ಹನ್ನೆರಡಾಗಿತ್ತು. ಉಪ್ಪಿಟ್ಟು ಎರಡು ಸಲ ಬಿಸಿಯಾಗಿ ಎರಡು ಸಲ ಆರಿತ್ತು. ನಾನು ಮಾತ್ರ ಹತ್ತೂವರೆಯಿಂದಲೂ ಸಾವಧಾನ್ ಭಂಗಿಯಲ್ಲಿದ್ದೆ. ಬಂದವರು ಮೂವರು: ಪ್ರಶಾಂತ, ಅವನ ತಾಯಿ ಸುಮಿತ್ರಾ, ಸುಮಿತ್ರಾ ಅವರ ಅಣ್ಣ ಹನುಮಂತರಾಯಪ್ಪ. ಅಣ್ಣ ಉಲ್ಲಾಳದ ಹಳೇ ಊರಿನವರು. ಕುರ್ಚಿಗೆ ಬೆನ್ನು ತಾಗುವ ಮೊದಲೇ ಶುರು ಮಾಡಿದರು.

"ಈಗ ನೀವು ನೋಡೋ ಉಲ್ಲಾಳ ಉಲ್ಲಾಳಾನೇ ಅಲ್ಲ ಸಾರ್. ಆ ಕೆರೆ ಪಕ್ಕ ಇತ್ತಲ್ಲ, ಅದೆಲ್ಲಾ ನಮ್ ರಾಗಿ ಹೊಲ. ನಮ್ಮಪ್ಪ ಏನ್ ಹೇಳೋರು ಅಂದ್ರೆ..."

ಅವರಪ್ಪ ಬಹಳ ವಿಷಯ ಹೇಳಿದ್ದರು.

ಸುಮಿತ್ರಾ ಹೆಚ್ಚು ಮಾತಾಡಲಿಲ್ಲ. ತೆಳ್ಳಗಿನ ಮೈಕಟ್ಟು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಿವಿಯ ಮೇಲೆ ಇಳಿಬಿಟ್ಟ ನರೆಗೂದಲು. ಕೂತವರೇ ತಲೆಯೆತ್ತಿ ನೋಡಿ, "ಫ್ಯಾನ್ ಸ್ವಲ್ಪ ಕಮ್ಮಿ ಮಾಡ್ತೀರಾ?" ಎಂದರು. ಬೇಸಿಗೆ. ಕಮ್ಮಿ ಮಾಡಿದೆ. ಸ್ವಲ್ಪ ಹೊತ್ತಿಗೆ, "ಬೇಜಾರಿಲ್ಲ ಅಂದ್ರೆ ಆ ಕಿಟಕೀನೂ ಹಾಕ್ಬಹುದಾ?" ಹಾಕಿದೆ. ಆಮೇಲೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದ್ದಕ್ಕೆ ಹುಬ್ಬು ಗಂಟಿಕ್ಕಿ, ಎದ್ದು ಎದುರಿನ ಕುರ್ಚಿಗೆ ಹೋಗಿ ಕೂತರು. ನಾನು ಬೆವರು ಒರೆಸಿಕೊಂಡೆ. ಕಾಫಿ ಲೋಟಗಳನ್ನು ಹಿಡಿದು ಬಂದ ಪದ್ಮ, ಎಲ್ಲರಿಗೂ ಕೊಟ್ಟು, ಒಲೆಯ ಮೇಲೆ ಹಾಲಿದೆ ಎಂದು ಹೇಳುವಷ್ಟು ಸಹಜವಾಗಿ ನನ್ನತ್ತ ತಿರುಗಿ ಹೇಳಿದಳು:

"ರೀ, ಪ್ರಿಮಾ ಡೊನ್ನಾ."

ಪ್ರಿಮಾ ಡೊನ್ನಾ ಎಂದರೆ ಮೊದಲನೆಯ ಹೆಂಗಸು. ಇಟಲಿಯ ಸಂಗೀತ ನಾಟಕದಲ್ಲಿ ಮುಖ್ಯ ಪಾತ್ರಕ್ಕೆ ಹಾಡುವಾಕೆ. ಅಂಥವರಿಗೆ ಒಮ್ಮೆ ದೀಪ ಹೆಚ್ಚಾಯಿತು, ಒಮ್ಮೆ ಗಾಳಿ ಹೆಚ್ಚಾಯಿತು ಎಂದು ಸದಾ ತಕರಾರಂತೆ. ಅದರಿಂದ ಇಂಗ್ಲಿಷಿನವರು ಮುಟ್ಟಿದರೆ ಮುನಿಯುವವರಿಗೆಲ್ಲ ಆ ಹೆಸರು ಅಂಟಿಸಿದರು. ನಮ್ಮ ಮನೆಯಲ್ಲಿ ಅದು ನನ್ನ ದೊಡ್ಡಕ್ಕನಿಗೆ ಮೀಸಲಾಗಿತ್ತು.

"ಫೆರ್ಮಾಟಾ" ಎಂದೆ ನಾನು. ಸ್ವಲ್ಪ ತಡಕೋ.

"ಇವರ ಸೋಲೊ?" ಎಂದಳು ಪದ್ಮ, ಹನುಮಂತರಾಯಪ್ಪನವರ ಮುಂದೆ ಚಕ್ಕುಲಿ ತಟ್ಟೆ ಇಡುತ್ತಾ.

"ಫಿನಾಲೆ ಕಾಣ್ತಾ ಇಲ್ಲ."

ಹನುಮಂತರಾಯಪ್ಪ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದರು. "ಅದ್ಯಾವ ಭಾಷೆ ಯಜಮಾನ್ರೇ?"

"ನಮ್ಮೂರ ಕಡೆ ಮಾತು."

"ಯಾವೂರು ತಮ್ದು?"

"ಕುಣಿಗಲ್ ಹತ್ರ."

"ನಮ್ ಸೊಸೇನೂ ಕುಣಿಗಲ್ಲೋಳೇ. ಅವ್ಳು ಹಿಂಗ್ ಮಾತಾಡಲ್ವಲ್ಲ!"

"ಇದು ಸ್ವಲ್ಪ ಒಳಗಡೆ, ಸಾರ್" ಎಂದೆ. ಚೇತನಾ ತಲೆ ತಗ್ಗಿಸಿದಳು. ಸುಮಿತ್ರಾ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಆ ನೋಟ ನನಗೆ ಎಲ್ಲೋ ಪರಿಚಿತವೆನಿಸಿತು. ಹುಬ್ಬು, ಅದರ ಕೆಳಗೆ ಅಲುಗದ ಕಣ್ಣು.

ಹೊರಡುವಾಗ ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಸಾಲಾಗಿ ನಿಂತ ಉಳಿದ ಚಪ್ಪಲಿಗಳನ್ನು ನೋಡಿ, ಪದ್ಮಳ ಕಡೆ ತಿರುಗಿದರು. ಮುಖದಲ್ಲಿ ನಗುವಿರಲಿಲ್ಲ.

"ಕಾಫಿ ತುಂಬಾ ಚೆನ್ನಾಗಿತ್ತು. ನಮ್ಮಣ್ಣನ ಸೋಲೊ ಸ್ವಲ್ಪ ಉದ್ದ ಆಯ್ತು, ಏನೂ ಅಂದ್ಕೋಬೇಡಿ. ಅವನಿಗೆ ಫಿನಾಲೆ ಅನ್ನೋದು ಚಿಕ್ಕಂದಿನಿಂದ್ಲೂ ಗೊತ್ತಿಲ್ಲ."

ಇಷ್ಟು ಹೇಳಿ ಕಾರು ಹತ್ತಿದರು. ಗೇಟಿನ ಬಳಿ ನಾವಿಬ್ಬರೂ ನಿಂತೇ ಇದ್ದೆವು. ಸೋಲೊ ಎಂದರು, ಫಿನಾಲೆ ಎಂದರು. ಪ್ರಿಮಾ ಡೊನ್ನಾ ಬಗ್ಗೆ ಏನೂ ಎನ್ನಲಿಲ್ಲ. ಅದನ್ನು ಎನ್ನದಿದ್ದದ್ದೇ ನಮಗೆ ಹೆಚ್ಚು ಜೋರಾಗಿ ಕೇಳಿಸಿತು.

"ರೀ, ಅವರಿಗೆ ಹೆಂಗ್ರೀ ಗೊತ್ತು?" ಎಂದಳು ಪದ್ಮ. ನಾನು ಗೇಟಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದೆ.

ಒಳಗೆ ಚೇತನಾ ಕಾದಿದ್ದಳು. ಪ್ರಶಾಂತನಿಗೆ ಆಗಲೇ ಫೋನ್ ಮಾಡಿ ಕೇಳಿದ್ದಳು. ಅವರಮ್ಮ ಕಾನ್ವೆಂಟ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದದ್ದು ಗಣಿತವಲ್ಲ, ಸಮಾಜವಲ್ಲ. ಸಂಗೀತ. ಬೆಳಗಿನ ಪ್ರಾರ್ಥನೆಗೆ ಮಕ್ಕಳ ಗುಂಪನ್ನು ಹಾಡಿಸುತ್ತಾ ಪಿಯಾನೊ ನುಡಿಸುತ್ತಿದ್ದವರು.

"ಇಡೀ ಬೆಂಗಳೂರಲ್ಲಿ ಇಟಲಿ ಗೊತ್ತಿರೋ ಅತ್ತೇನೇ ಸಿಗಬೇಕಿತ್ತಾ ನಂಗೆ!" ಎಂದವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಟ್ಟಾದರೆ ಬಾಗಿಲನ್ನು ದಢಾರೆಂದು ಬಡಿಯುವ ಹುಡುಗಿ. ಅವತ್ತು ಮೆಲ್ಲಗೆ ಹಾಕಿದಳು. ಪಿಯಾನೊ ಎಂಬುದಕ್ಕೆ ಅಷ್ಟು ಭಾರ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಅವರ ಕಡೆಯಿಂದ ಮಾತಿಲ್ಲ. ಮಂಗಳವಾರವೂ ಇಲ್ಲ. ಒಪ್ಪಿಗೆ ಇದ್ದರೆ ಮಾರನೆಯ ದಿನವೇ ಹೇಳಿ ಕಳಿಸುವುದು ಪದ್ಧತಿ. ಹೇಳಿ ಕಳಿಸದಿದ್ದರೆ ಅದೂ ಒಂದು ಉತ್ತರವೇ. ಪ್ರಶಾಂತ ಕೇಳಿದರೆ ಅಮ್ಮ ಏನೂ ಹೇಳುತ್ತಿಲ್ಲವಂತೆ. ಚೇತನಾ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಪದ್ಮ ಒಮ್ಮೆ ರೂಢಿಯಂತೆ "ರೀ, ಪಿಯಾ..." ಎಂದವಳು ತುಟಿ ಕಚ್ಚಿಕೊಂಡು "ಮೆಲ್ಲಗೆ ಮಾತಾಡಿ" ಎಂದಳು. ನಮ್ಮ ಮನೆಯಲ್ಲಿ ಬರೀ ಕನ್ನಡ ಎಷ್ಟು ಬೋಳಾಗಿ ಕೇಳಿಸಿತೆಂದರೆ ಹಲ್ಲಿಯೂ ಗಡಿಯಾರದ ಹಿಂದಿನಿಂದ ಇಣುಕಿ ನೋಡಿತು.

ಬುಧವಾರ ಬೆಳಿಗ್ಗೆ ನಾನು ಪಾರ್ಕಿಗೆ ಹೋಗಲಿಲ್ಲ. ಇದು ನಮ್ಮ ಮನೆಯ ಚರಿತ್ರೆಯಲ್ಲಿ ಸಣ್ಣ ಘಟನೆಯಲ್ಲ. ಬೂಟಿಗೆ ಪಾಲಿಷ್ ಹಾಕಿದ್ದೆ, ಅದು ಬೇರೆ ಮಾತು.

"ಪದ್ಮಾ, ಹೊರಡು. ಉಲ್ಲಾಳಕ್ಕೆ ಹೋಗೋಣ."

"ಹೇಳದೆ ಕೇಳದೆ ಹೆಂಗ್ರೀ ಹೋಗೋದು?"

"ಹೇಳಿದ್ರೆ ಬೇಡ ಅಂದ್ಬಿಟ್ರೆ?"

ಚೇತನಾ ಕ್ಲಿನಿಕ್ಕಿಗೆ ಹೊರಟಿದ್ದವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬಂದು ನನ್ನ ಅಂಗಿಯ ಕಾಲರು ಸರಿಮಾಡಿ, ಅವಶ್ಯವಿರಲಿಲ್ಲ, ಆಗಲೇ ಸರಿಯಿತ್ತು, "ಅಪ್ಪ, ಏನಾದ್ರೂ ಮಾತಾಡಿ. ಇಟಲಿ ಒಂದು ಬಿಟ್ಟು" ಎಂದಳು.

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಜ್ಞಾನಭಾರತಿಯಲ್ಲಿ ಇಳಿದು ಆಟೊ ಹಿಡಿದೆವು. ದಾರಿಯುದ್ದಕ್ಕೂ ಪದ್ಮ ಮಡಿಲಲ್ಲಿ ಹಣ್ಣಿನ ಚೀಲ ಹಿಡಿದು, ಆಡಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದಳು. ಪರೀಕ್ಷೆಗೆ ಹೊರಟ ಹುಡುಗಿಯಂತೆ ಕಾಣುತ್ತಿದ್ದಳು. ನಾನು ಅಭ್ಯಾಸ ಮಾಡಲಿಲ್ಲ. ಸಾಹೇಬರ ಎದುರು ನಿಂತಾಗಲೆಲ್ಲ ಅಭ್ಯಾಸ ಮಾಡಿದ್ದೆಲ್ಲ ಮರೆತು ಹೋಗುತ್ತಿದ್ದದ್ದು ನೆನಪಿತ್ತು.

ಬಾಗಿಲು ತೆರೆದವರು ಸುಮಿತ್ರಾ ಅವರೇ. ನಮ್ಮನ್ನು ನೋಡಿ "ಬನ್ನಿ" ಎಂದು ದಾರಿ ಬಿಟ್ಟರು. ಹಾಲಿನಲ್ಲಿ ಹಳೆಯ ಪಿಯಾನೊ ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಗಣೇಶ, ಗಣೇಶನ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ. ಅವರು ತಿರುಗುತ್ತಿದ್ದ ಫ್ಯಾನು ನಿಲ್ಲಿಸಿದರು. ಕಿಟಕಿ ಮುಚ್ಚಿದರು. ಆಮೇಲೆ ಡಬ್ಬಿಯಿಂದ ಏನನ್ನೋ ತೆಗೆದು, ಕೂದಲು ಸರಿಸಿ, ಕಿವಿಗೆ ಇಟ್ಟುಕೊಂಡರು. ಶ್ರವಣ ಯಂತ್ರ.

"ಮನೇಲಿ ಒಬ್ಳೇ ಇದ್ರೆ ಹಾಕ್ಕೊಳ್ಳಲ್ಲ" ಎಂದರು. "ಹಾಕ್ಕೊಂಡ್ರೆ ಫ್ಯಾನು ಹೆಲಿಕಾಪ್ಟರ್ ಥರ ಕೇಳ್ಸುತ್ತೆ. ಮಿಕ್ಸಿ ಅಂತೂ ಕೇಳ್ಲೇಬೇಡಿ. ಪ್ರಶಾಂತಂಗೆ ಹೇಳಿದ್ದೆ, ಹುಡುಗಿ ಮನೇಲಿ ಈ ವಿಷಯ ಎತ್ತಬೇಡ ಅಂತ. ಮೊದಲನೇ ದಿನಾನೇ ಕಿವುಡಿ ಅತ್ತೆ ಅಂತ ಅನ್ನಿಸ್ಕೊಳ್ಳೋದು ಬೇಡಾಂತ."

ಪದ್ಮಳ ಅಭ್ಯಾಸವೆಲ್ಲ ಒಂದೇ ಏಟಿಗೆ ಮಣ್ಣುಗೂಡಿತು. "ಅಕ್ಕಾ, ನಾವು..." ಎಂದಳು. 

"ಅವತ್ತು ಫ್ಯಾನು ಕಮ್ಮಿ ಮಾಡ್ಸಿದ್ದು, ಕಿಟಕಿ ಹಾಕ್ಸಿದ್ದು ಎಲ್ಲ ನಿಮ್ಮ ಮಾತು ಸರಿಯಾಗಿ ಕೇಳ್ಲಿ ಅಂತಾನೇ. ಚೇತನಾ ಮನೆಯೋರು ಏನ್ ಮಾತಾಡ್ತಾರೋ ಒಂದೂ ತಪ್ಪಿಹೋಗಬಾರ್ದು ಅಂತ" ಎಂದು ಸುಮಿತ್ರಾ ಕಿವಿಯ ಮೇಲಿನ ಕೂದಲು ಸರಿಮಾಡಿಕೊಂಡರು. "ಒಂದೂ ತಪ್ಪಿಹೋಗ್ಲಿಲ್ಲ."

ನಾನು ಎದ್ದು ನಿಂತೆ. ಕೂತು ಹೇಳುವ ಮಾತಲ್ಲ ಅನಿಸಿತು. "ತಪ್ಪಾಯ್ತಮ್ಮ. ಅದು ಅವಳೊಬ್ಬಳದಲ್ಲ, ಆ ಭಾಷೆ ಮನೆಗೆ ತಂದೋನು ನಾನು. ನಮ್ಮ ಹುಡುಗಿಗೂ ಇದಕ್ಕೂ ಸಂಬಂಧ ಇಲ್ಲ. ಅವಳಿಗೆ ನಿಮ್ಮ ಮಗ ಅಂದ್ರೆ..." ಎಂದು ಶುರು ಮಾಡಿ, ಅದನ್ನು ಹೇಗೆ ಮುಗಿಸುವುದೆಂದು ತಿಳಿಯದೆ, ತುಂಡುತುಂಡು ಮಾಡಿ ಹೇಳಿದೆ: "ಬೇರೆ ಯಾರೂ ಇಲ್ಲ. ಆಗೋದೂ ಇಲ್ಲ. ಅಷ್ಟೆ."

"ಸ್ಟಕಾಟೊ" ಎಂದರು ಸುಮಿತ್ರಾ, ತಮ್ಮಷ್ಟಕ್ಕೆ. ಸ್ವರಗಳನ್ನು ಕಡಿದು ಕಡಿದು ಬಿಡಿಯಾಗಿ ನುಡಿಸುವುದಕ್ಕೆ ಆ ಹೆಸರು. ಆಮೇಲೆ ಕೇಳಿದರು, "ಎಲ್ಲಿ ಕಲಿತ್ರಿ ನೀವು?"

ಡಿಮೆಲ್ಲೊ ಸಾಹೇಬರ ವಿಷಯ ಹೇಳಿದೆ. ಪದ್ಮ ಈ ಸಲ ನಿಟ್ಟುಸಿರು ಬಿಡಲಿಲ್ಲ. ಹುಂಜದ ಕೊಕ್ಕು ಎಂದಾಗ ಸುಮಿತ್ರಾ ಅವರ ತುಟಿ ಸ್ವಲ್ಪ ಅಲುಗಿತು. ತಮ್ಮ ಶಾಲೆಯ ಮಕ್ಕಳು ಅದಕ್ಕೆ ಹೇರ್‌ಪಿನ್ನು ಎನ್ನುತ್ತಿದ್ದರು, ಕೊಕ್ಕೇ ವಾಸಿ ಎಂದರು. ಒಳಗೆ ಹೋಗಿ ಕಾಫಿ ತಂದರು. ಸಕ್ಕರೆ ಕಲಕುತ್ತಾ ಕೇಳಿದರು:

"ಬ್ಯಾಂಡಲ್ಲಿ ಯಾರಾದ್ರೂ ತಪ್ಪು ನುಡಿಸಿದ್ರೆ ನಿಮ್ಮ ಸಾಹೇಬ್ರು ಏನ್ ಮಾಡೋರು?"

ಉತ್ತರ ಇದ್ದದ್ದು ಇಟಲಿಯಲ್ಲಿ. ಇಟಲಿ ಒಂದು ಬಿಟ್ಟು ಎಂದು ಮಗಳು ಹೇಳಿ ಕಳಿಸಿದ್ದಳು.

ಸುಮಿತ್ರಾ ಚಮಚವನ್ನು ಮೇಲೆತ್ತಿ, ಲೋಟದ ಅಂಚಿಗೆ ಟಕ್ ಟಕ್ ಎಂದು ತಟ್ಟಿದರು.

"ಡಾ ಕಾಪೊ" ಎಂದರು.

ಅವರು ಮಾತಿಗೆ ಹಾಗೆಂದರೋ ಏನೋ. ಆದರೆ ಜೀವಮಾನವೆಲ್ಲ ಆ ಸದ್ದಿಗೆ ಪಳಗಿದ ನನ್ನ ಕಾಲು ವಿಚಾರಿಸಲು ನಿಲ್ಲಲಿಲ್ಲ. ಲೋಟ ಕೆಳಗಿಟ್ಟೆ. ಪದ್ಮಳ ಕೈಯಿಂದ ಹಣ್ಣಿನ ಚೀಲವನ್ನೂ ಎತ್ತಿಕೊಂಡೆ. ಬಾಗಿಲು ದಾಟಿ, ಬೂಟು ಹಾಕಿ, ಗೇಟಿನ ಆಚೆಗೆ ಹೋಗಿ ನಿಂತೆ.

"ರೀ, ಎಲ್ಲಿಗ್ರೀ? ಕಾಫಿ!" ಎನ್ನುತ್ತಾ ಪದ್ಮ ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಓಡಿ ಬಂದಳು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡಿದಳು. ಮಾತು ಕೆಟ್ಟು ಹೊರಟವರು ಎಂದುಕೊಂಡಿರಬೇಕು.

"ಸಾಲಾಗಿ ನಿಂತ್ಕೋ" ಎಂದೆ.

ಪದ್ಮಳಿಗೆ ಅರ್ಥವಾಯಿತು. ಸೆರಗು ಸರಿಪಡಿಸಿಕೊಂಡು ನನ್ನ ಎಡಕ್ಕೆ ಬಂದು ನಿಂತಳು. ಚೀಲವನ್ನು ಅವಳ ಕೈಗೆ ವಾಪಸು ಕೊಟ್ಟೆ. ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕಿ ಒಳಗೆ ಬಂದೆವು. ಬಾಗಿಲು ತೆರೆದೇ ಇತ್ತು, ಆದರೂ ಬೆಲ್ಲು ಒತ್ತಿದೆ. ಮೊದಲಿಂದ ಎಂದರೆ ಮೊದಲಿಂದ.

ಸುಮಿತ್ರಾ ಹಾಲಿನ ನಡುವೆ ನಿಂತಿದ್ದರು. ಮೊದಲು ಬಂದು ಬಾಗಿಲನ್ನು ನಮ್ಮ ಮುಖಕ್ಕೇ ಮುಚ್ಚಿದರು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಪದ್ಮ ನನ್ನ ತೋಳು ಹಿಡಿದಳು. ಮತ್ತೆ ಚಿಲಕ ತೆಗೆದ ಸದ್ದು. ಬಾಗಿಲು ತೆರೆಯಿತು. ಅವರ ಹಿಂದೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

"ಓಹೋ, ಬನ್ನಿ ಬನ್ನಿ" ಎಂದರು. "ಪ್ರಿಮಾ ಡೊನ್ನಾ ಮನೇಲೇ ಇದಾಳೆ."